ನಾಲ್ಕು ಕವಳದ ಹೊತ್ತು

ಕರಾವಳಿಯಲ್ಲಿ ಇನ್ನೂ ಗಾಳಿಯನ್ನೇ ನಂಬಿ ಸರಕು ಸಾಗಿಸುತ್ತಿದ್ದ ಕಾಲ. ಹೊಳೆ ಹೋಗಿ ಸಮುದ್ರ ಸೇರುವ ಅಳಿವೆಯ ಪಕ್ಕದ ಒಂದು ಊರಿನಲ್ಲಿ ಒಂದು ಮಂಜಿ ಇತ್ತು. ಮಂಜಿ ಅಂದರೆ ಹಾಯಿಯ ಮೇಲೆ ಓಡುವ ದೊಡ್ಡ ಸರಕು ದೋಣಿ. ಆರು ಮನೆಯವರು ಕೂಡಿ ಕಟ್ಟಿಸಿದ್ದು. ಮನೆಗೊಬ್ಬನಂತೆ ಆರು ಜನ ಅದರಲ್ಲಿ ದುಡಿಯುತ್ತಿದ್ದರು. ದೋಣಿ ನಡೆಸುವ ಮುಖ್ಯಸ್ಥನಿಗೆ ಅವರು ತಾಂಡೇಲ ಅನ್ನುತ್ತಿದ್ದರು.

ಆ ಮಂಜಿಯವರದ್ದು ಒಂದು ಪದ್ಧತಿ. ಮಳೆಗಾಲ ಕಳೆದು ಮೊದಲ ಸಲ ದೋಣಿ ಹೊರಡಿಸುವ ಮುಂಚೆ ಆರೂ ಜನ ಅದರ ನೆರಳಿನಲ್ಲಿ ಮರಳ ಮೇಲೆ ಕೂರಬೇಕು. ತಾಂಡೇಲ ನಾಲ್ಕು ಪ್ರಶ್ನೆ ಕೇಳಬೇಕು. ಈ ಹಂಗಾಮಿಗೆ ನಮ್ಮ ಬಲ ಎಂಥದ್ದು? ನಮ್ಮ ಕೊರತೆ ಎಂಥದ್ದು? ನಮಗೆ ಒದಗಿ ಬಂದ ಅವಕಾಶ ಯಾವುದು? ನಮಗೆ ಕಾದಿರುವ ಅಪಾಯ ಯಾವುದು? ಒಂದೊಂದು ಪ್ರಶ್ನೆಗೆ ಒಂದೊಂದು ಕವಳ. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಬೇಕು. ಅದನ್ನು ಅಗಿದು ಮುಗಿಸುವ ತನಕ ಯಾರೂ ಮಾತಾಡುವ ಹಾಗಿಲ್ಲ. ಬಾಯಿ ಖಾಲಿಯಾದ ಮೇಲೆ ಮಾತು. ಮಾತು ತಾನಾಗಿ ತೀರಿದ ಮೇಲೆ ಮುಂದಿನ ಪ್ರಶ್ನೆ, ಮುಂದಿನ ಕವಳ. ಹೀಗೆ ಅರ್ಧ ದಿನವೇ ಹೋಗುತ್ತಿತ್ತು. ಕೇರಿಯವರು ನಗುತ್ತಿದ್ದರು. ಇವರು ದೋಣಿ ಓಡಿಸುವುದಕ್ಕಿಂತ ಎಲೆ ಅಗಿಯುವುದೇ ಹೆಚ್ಚು ಅನ್ನುತ್ತಿದ್ದರು.

ಪುರಸು ಅನ್ನುವ ಹಿರಿಯ ಬಹಳ ವರ್ಷ ಅಲ್ಲಿ ತಾಂಡೇಲನಾಗಿದ್ದ. ಇಷ್ಟೊತ್ತು ಯಾಕೆ ಅಂತ ಯಾರಾದರೂ ಕೇಳಿದರೆ ಅವನು ಹೇಳುತ್ತಿದ್ದದ್ದು ಇಷ್ಟೇ: "ಬಾಯಿ ತುಂಬಿದ್ದಾಗ ಮೊದಲ ಮಾತನ್ನ ನುಂಗ್ಲೇಬೇಕಲ್ಲೋ. ಆಮೇಲೆ ಬರೋದು ಎರಡನೇ ಮಾತು. ನಂಗೆ ಬೇಕಾದ್ದು ಅದು."

ಪುರಸುವಿನ ಕಣ್ಣಿಗೆ ಪೊರೆ ಬಂತು. ಚುಕ್ಕಾಣಿಯನ್ನು ಅವನು ತನ್ನ ತಂಗಿಯ ಮಗ ಜೈವಂತನ ಕೈಗೆ ಕೊಟ್ಟ. ಜೈವಂತನಿಗೆ ತೋಳಿನಲ್ಲಿ ಕಸುವಿತ್ತು, ಗಾಳಿಯ ವಾಸನೆ ಹಿಡಿಯುವ ಮೂಗಿತ್ತು. ಕಾಲು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕುಳಿತರೂ ಎದ್ದು ಹೊರಡುವವನ ಹಾಗೇ ಕೂರುತ್ತಿದ್ದ.

ಅವನು ತಾಂಡೇಲನಾದ ವರ್ಷವೇ ಒಂದು ದೊಡ್ಡ ಮಾತು ಬಂತು. ಬಡಗು ದಿಕ್ಕಿನ ಬಂದರಿನ ವಿಠೋಬ ಶೇಟ್ ಅನ್ನುವ ವ್ಯಾಪಾರಿ ಹೇಳಿ ಕಳಿಸಿದ್ದ. ನಿಮ್ಮೂರಿನ ಎರಡು ಮಂಜಿಗೂ ಹಂಚು ತುಂಬಿಸಿದ್ದೇನೆ, ಯಾವುದು ಮೊದಲು ಬಂದು ಮುಟ್ಟುತ್ತದೋ ಅದಕ್ಕೆ ಇಡೀ ಹಂಗಾಮಿನ ಹಂಚಿನ ಸಾಗಣೆ. ಇನ್ನೊಂದು ಮಂಜಿ ಕೆಳಗಿನ ಕೇರಿಯವರದು. ಅಲ್ಲಿಂದ ಇಲ್ಲಿಂದ ಎರವಲು ಆಳು ತಂದು ಓಡಿಸುತ್ತಿದ್ದರೂ ಓಟಕ್ಕೆ ಹೆಸರಾದದ್ದು. ಜೈವಂತನ ಆರು ಮನೆಗಳಿಗೆ ಈ ಕೆಲಸ ಸಿಗಲೇಬೇಕಿತ್ತು. ಹಿಂದಿನ ಹಂಗಾಮಿನಲ್ಲಿ ಮಂಜಿ ಅರ್ಧಕ್ಕರ್ಧ ದಿನ ಖಾಲಿ ನಿಂತಿತ್ತು. ಇನ್ನೊಂದು ವರ್ಷ ಹಾಗೇ ಆದರೆ ಅದನ್ನು ಮಾರಬೇಕು, ಆರು ಜನ ಆರು ದಿಕ್ಕಿಗೆ ಪರರ ದೋಣಿ ಹತ್ತಬೇಕು ಅಂತ ಮನೆಗಳಲ್ಲಿ ಮಾತು ನಡೆದಿತ್ತು.

ಹೊರಡುವ ದಿನ ಬೆಳಿಗ್ಗೆ ಎಲ್ಲರೂ ಪದ್ಧತಿಯ ಪ್ರಕಾರ ಮರಳ ಮೇಲೆ ಕೂತರು. ಜೈವಂತ ಕೂರಲಿಲ್ಲ, ನಿಂತೇ ಇದ್ದ. ಕೆಳಗಿನ ಕೇರಿಯವರು ಆಗಲೇ ಹಾಯಿ ಬಿಚ್ಚುತ್ತಿದ್ದದ್ದು ಅವನ ಕಣ್ಣಿಗೆ ಬಿದ್ದಿತ್ತು.

"ನಾಲ್ಕಕ್ಕೂ ಸೇರಿಸಿ ಒಂದೇ ಕವಳ ಹಾಕಿ," ಅಂದ. "ಕೇಳೋದನ್ನ ಒಟ್ಟಿಗೇ ಕೇಳಿಬಿಡ್ತೇನೆ. ಅಗೀತಾ ಹೇಳಿ."

ತಿಮ್ಮಣ್ಣ ಅನ್ನುವ ಹಾಯಿ ಹೊಲಿಯುವವನು ಮಡಿಸಿದ ಎಲೆಯನ್ನು ಕೈಯಲ್ಲೇ ಹಿಡಿದು ಅವನ ಮುಖ ನೋಡಿದ. ಆಮೇಲೆ ಬಾಯಿಗೆ ಹಾಕಿಕೊಂಡ.

ನಮ್ಮ ಬಲ? ಎಲ್ಲರೂ ಒಟ್ಟಿಗೇ ಈರಪ್ಪನ ಕಡೆ ಕೈ ತೋರಿಸಿದರು. ಈರಪ್ಪ ಹಗ್ಗದ ಆಳು. ಹಾಯಿ ಕಟ್ಟಿದ ಆ ಉದ್ದನೆಯ ಅಡ್ಡಮರವನ್ನು ಕಂಬದ ಈ ಮಗ್ಗುಲಿಂದ ಆ ಮಗ್ಗುಲಿಗೆ ತಿರುಗಿಸಲು ಬೇರೆ ದೋಣಿಗಳಲ್ಲಿ ಮೂರು ಜನ ಬೇಕು. ಇಲ್ಲಿ ಈರಪ್ಪ ಒಬ್ಬನೇ ಸಾಕು. ಅವನು ಎಲ್ಲರಿಗಿಂತ ದೊಡ್ಡ ತಮಾಷೆಗಾರ ಕೂಡ. ಅವತ್ತೂ ಏನೋ ಒಂದು ನಗೆಮಾತು ಹಾರಿಸಿದ. ನಮ್ಮ ಕೊರತೆ? ಕುಡಿಯುವ ನೀರಿನ ಪೀಪಾಯಿ ಸ್ವಲ್ಪ ಸೋರುತ್ತದೆ ಅಂತ ಅಡುಗೆ ನೋಡಿಕೊಳ್ಳುವ ವಾಸು ಹೇಳಿದ. ಅವಕಾಶ ಯಾವುದು ಅನ್ನುವುದು ಗೊತ್ತೇ ಇತ್ತು, ಶೇಟರ ಹಂಚು. ಅಪಾಯ? ಗಾಳಿ, ಮತ್ತೇನು. ಕವಳ ಇನ್ನೂ ಅರ್ಧ ಬಾಯಲ್ಲಿರುವಾಗಲೇ ಜೈವಂತ ಚಪ್ಪಾಳೆ ತಟ್ಟಿ, ಮುಗಿಯಿತು, ಏಳಿ ಅಂದ.

ಎಷ್ಟು ಚೊಕ್ಕವಾಗಿ ಮುಗಿಸಿದೆ ಅಂತ ಅವನಿಗೆ ಒಳಗೊಳಗೇ ಹೆಮ್ಮೆ. ನಾಲ್ಕು ಪ್ರಶ್ನೆಗೆ ನಾಲ್ಕು ಉತ್ತರ ಬಂದಿತ್ತು. ಇನ್ನೇನು ಬೇಕು?

ಇಳಿಯುವ ನೀರಿನ ಜೊತೆ ಮಂಜಿ ಅಳಿವೆಯ ಕಡೆ ಓಡಿತು. ಕೆಳಗಿನ ಕೇರಿಯ ದೋಣಿಯನ್ನು ಹಿಂದೆ ಹಾಕಿತು. ಜೈವಂತ ಚುಕ್ಕಾಣಿಯ ಮೇಲೆ ಕೈಯಿಟ್ಟು ಹಾಡು ಗುನುಗುತ್ತಿದ್ದ. ಅಳಿವೆಯ ಮರಳು ನಿಮಗೆ ಗೊತ್ತಲ್ಲ, ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಹೋದ ವರ್ಷ ಆಳವಿದ್ದಲ್ಲಿ ಈ ವರ್ಷ ದಿಬ್ಬ. ನೀರಿನ ಬಣ್ಣ ತಿಳಿಯಾದದ್ದನ್ನು ಜೈವಂತ ಸರಿಯಾದ ಹೊತ್ತಿಗೇ ಕಂಡ. ಹಾಯಿ ತಿರುಗಿಸು ಅಂತ ಈರಪ್ಪನಿಗೆ ಕೂಗಿದ. ತಿರುಗಿಸಲು ಬೇಕಾದಷ್ಟು ಹೊತ್ತು ಇತ್ತು.

ಹಾಯಿ ಅರ್ಧ ತಿರುಗಿ ನಿಂತಿತು. ಹಗ್ಗ ಈರಪ್ಪನ ಕೈಯಿಂದ ಜಾರಿತು. ಅಡ್ಡಮರ ದಡ್ಡನೆ ಹಿಂದಕ್ಕೆ ಬಂತು. ಇನ್ನಿಬ್ಬರು ಓಡಿ ಹೋಗಿ ಹಿಡಿಯುವಷ್ಟರಲ್ಲಿ ಮಂಜಿ ದಿಬ್ಬದ ಮೇಲೇರಿ ಕೂತಿತ್ತು. ಬಸುರಿ ಎಮ್ಮೆ ಕೂತ ಹಾಗೆ. ಎಬ್ಬಿಸಿದರೆ ಏಳುವ ಜಾತಿಯಲ್ಲ.

ಸ್ವಲ್ಪ ಹೊತ್ತಿಗೆ ಕೆಳಗಿನ ಕೇರಿಯ ದೋಣಿ ಪಕ್ಕದ ಆಳದಲ್ಲಿ ಸುಯ್ಯನೆ ದಾಟಿ ಹೋಯಿತು. ಅದರ ಮೇಲಿದ್ದವನೊಬ್ಬ ಕೈ ಬೀಸಿ, "ಜೈವಂತಾ, ಹಂಚು ತಂದಿದ್ದೀಯ, ಮರಳೂ ಸಿಕ್ಕಿತು. ಅಲ್ಲೇ ಒಂದು ಮನೆ ಕಟ್ಟಿಬಿಡು ಮಾರಾಯ," ಅಂದ. ಆ ದೋಣಿಯ ತುಂಬ ನಗು.

ಜೈವಂತನ ಮುಖ ಕೆಂಪೇರಿತು. ಲಂಗರು ಇಳಿಸಿ ದೋಣಿ ಅಲುಗದ ಹಾಗೆ ಮಾಡಿಸಿದವನೇ, ಹಂಚು ಎತ್ತಿ ನೀರಿಗೆ ಎಸೆಯಿರಿ ಅಂದ. ಭಾರ ಇಳಿದರೆ ಈಗಿಂದೀಗಲೇ ದೋಣಿ ಏಳುತ್ತದೆ, ನೀರು ಪೂರ್ತಿ ಇಳಿಯುವುದರೊಳಗೆ ಹೊರಬಿದ್ದರೆ ಅವರನ್ನು ಇನ್ನೂ ಹಿಡಿಯಬಹುದು ಅನ್ನುವುದು ಅವನ ಎಣಿಕೆ. ಎಲ್ಲರೂ ಸಾಲಾಗಿ ನಿಂತರು. ಕೈಯಿಂದ ಕೈಗೆ ಹಂಚು ಬರತೊಡಗಿತು. ಮೊದಲ ಹಂಚು ಸಾಲಿನ ಕೊನೆಗೆ ಬರುವಷ್ಟರಲ್ಲಿ ಜೈವಂತ ಒಂದು ಸಂಗತಿ ಕಂಡ. ಈರಪ್ಪ ಹಂಚನ್ನು ಎಡಗೈಯಲ್ಲೇ ತೆಗೆದುಕೊಂಡು ಎಡಗೈಯಲ್ಲೇ ಕೊಡುತ್ತಿದ್ದ. ಬಲಗೈ ಸೊಂಟಕ್ಕೆ ಅಂಟಿಕೊಂಡೇ ಇತ್ತು.

"ಈರಪ್ಪಣ್ಣ, ಬಲಗೈ ಎಲ್ಲಿ ಹೋಯ್ತು?"

"ಅವಸರದಲ್ಲಿ ಮನೇಲೇ ಬಿಟ್ಟು ಬಂದೆ," ಅಂದ ಈರಪ್ಪ.

ಯಾವಾಗಲೂ ಈರಪ್ಪನ ಮಾತಿಗೆ ಬಿದ್ದು ಬಿದ್ದು ನಗುವ ಜನ. ಅವತ್ತು ಒಬ್ಬರೂ ನಗಲಿಲ್ಲ. ತಿಮ್ಮಣ್ಣ ಆಚೆ ತಿರುಗಿ ಸಮುದ್ರ ನೋಡಿದ. ವಾಸು ಹಂಚಿನ ಮೇಲಿಲ್ಲದ ಧೂಳು ಒರೆಸಿದ. ಜೈವಂತನಿಗೆ ಆಗ ಹೊಳೆಯಿತು. ಇವರಿಗೆಲ್ಲ ಏನೋ ಗೊತ್ತಿದೆ. ಗೊತ್ತಿಲ್ಲದವನು ಈ ದೋಣಿಯಲ್ಲಿ ತಾನೊಬ್ಬನೇ.

ಈಗ ಅವನ ಮುಂದೆ ಇದ್ದದ್ದು ಎರಡೇ ದಾರಿ. ಹಂಚು ಎಸೆದು ಈಗಲೇ ಓಡುವುದು. ಇಲ್ಲವೇ ಕೂತು ಕೇಳುವುದು. ಕೂತರೆ ಓಟ ಅಲ್ಲಿಗೆ ಮುಗಿಯಿತು ಅಂತಲೇ ಅರ್ಥ. ನೀರು ನೋಡನೋಡುತ್ತ ಇಳಿಯುತ್ತಿತ್ತು. ಅವನು ತನ್ನ ಕೈಗೆ ಬಂದಿದ್ದ ಹಂಚನ್ನು ನಿಧಾನಕ್ಕೆ ಕಾಲ ಬಳಿ ಇಟ್ಟ.

"ಇಳಿಸಿ ಎಲ್ಲಾ. ಎಲೆ ತೆಗೀರಿ."

"ಈಗ್ಲಾ?" ಅಂದ ವಾಸು.

"ಈಗ್ಲೇ. ನಾಲ್ಕೂ ಕವಳ. ಮೊದಲಿಂದ."

ಈ ಸಲ ಅವನೂ ಕೂತ. ಮಂಡಿ ಮಡಚಿ, ಸರಿಯಾಗಿ. ಮೊದಲ ಪ್ರಶ್ನೆ ಕೇಳಿ ಕವಳ ಬಾಯಿಗೆ ಹಾಕಿಕೊಂಡ. ಅಗಿಯುವ ಸದ್ದು, ಅಲೆಯ ಸದ್ದು, ಅಷ್ಟೇ. ಕೂತ ಜಾಗದಲ್ಲಿ ಅವನಿಗೆ ಮುಳ್ಳು ಚುಚ್ಚುತ್ತಿತ್ತು. ಏನಾದರೂ ಹೇಳಿಬಿಡೋಣ, ಯಾರಾದರೂ ಏನಾದರೂ ಹೇಳಲಿ ಅನ್ನಿಸುತ್ತಿತ್ತು. ಬಾಯಿ ತುಂಬಿತ್ತು, ಸುಮ್ಮನಿರಲೇಬೇಕಾಯಿತು.

ಬಾಯಿ ಖಾಲಿಯಾದಾಗ ಈ ಸಲ ಯಾರೂ ಈರಪ್ಪನ ಹೆಸರು ಎತ್ತಲಿಲ್ಲ. ತಿಮ್ಮಣ್ಣ ಮಂಜಿಯ ಅಡಿಮರದ ಮಾತು ತೆಗೆದ. ಅದು ದಪ್ಪ ಮರ, ಹಿರಿಯರು ಮರಳ ಮೇಲೆ ಕೂರಲಿ ಅಂತಲೇ ಹಾಕಿಸಿದ್ದು, ಒಂದು ದಿನ ಕೂತರೆ ಬಿರುಕು ಬಿಡುವುದಿಲ್ಲ ಅಂದ. ಹೌದಲ್ಲ ಅನ್ನಿಸಿತು ಎಲ್ಲರಿಗೂ. ಅಷ್ಟು ಕೇಳಿದ್ದಕ್ಕೇ ಅರ್ಧ ಗಾಬರಿ ಇಳಿಯಿತು.

ಎರಡನೇ ಪ್ರಶ್ನೆ. ನಮ್ಮ ಕೊರತೆ ಎಂಥದ್ದು? ಎರಡನೇ ಕವಳ. ಅದು ಮುಗಿದ ಮೇಲೂ ಯಾರೂ ಮಾತಾಡಲಿಲ್ಲ. ಜೈವಂತನ ನಾಲಿಗೆ ತುದಿಗೆ ಮೂರನೇ ಪ್ರಶ್ನೆ ಬಂದಿತ್ತು. ತಡೆದುಕೊಂಡ. ಒಂದು ಕಡಲಹಕ್ಕಿ ಬಂದು ಅಡ್ಡಮರದ ಮೇಲೆ ಕೂತಿತು. ಎದ್ದು ಹೋಯಿತು. ಆಮೇಲೆ ಈರಪ್ಪ ಬಾಯಿ ಬಿಟ್ಟ.

ಮಳೆಗಾಲದಲ್ಲಿ ಹೊಳೆಗೆ ಬಿದ್ದ ಮರ ಎಳೆಯುವಾಗ ಹೆಗಲಿನ ಕೀಲು ಜಾರಿತ್ತಂತೆ. ನಾಟಿ ವೈದ್ಯರು ಕೂರಿಸಿ ಕಟ್ಟಿದರಂತೆ. ಕೈ ಎದೆಯ ಮಟ್ಟ ದಾಟಿ ಮೇಲೆ ಏಳುತ್ತಿಲ್ಲವಂತೆ. ಬೆಳಿಗ್ಗೆ ಹೇಳಬೇಕು ಅಂತಲೇ ಬಂದಿದ್ದನಂತೆ.

"ನಮ್ಮ ಬಲ ಯಾವುದು ಅಂದ್ರೆ ಎಲ್ಲಾ ಸೇರಿ ನನ್ನ ಕಡೆ ಕೈ ತೋರಿಸಿದ್ರಿ," ಅಂದ. "ಹೆಗಲ ಮೇಲೆ ಶಾಲು ಹೊದಿಸಿದ ಹಾಗಾಯ್ತು. ಶಾಲು ತೆಗೆದು ಹುಣ್ಣು ತೋರ್ಸೋಕೆ ಹೊತ್ತು ಬೇಕಲ್ಲೋ ತಮ್ಮಾ. ಅಷ್ಟರಲ್ಲಿ ನೀನು ಏಳಿ ಅಂದೆ."

ವಿಷಯ ತಿಮ್ಮಣ್ಣನಿಗೂ ಗೊತ್ತಿತ್ತು, ವಾಸುವಿಗೂ ಗೊತ್ತಿತ್ತು. ತಾಂಡೇಲನಿಗೆ ಇನ್ನೊಬ್ಬರು ಹೇಳಿರುತ್ತಾರೆ ಅಂತ ಒಬ್ಬೊಬ್ಬರೂ ಅಂದುಕೊಂಡಿದ್ದರು. ಬೆಳಿಗ್ಗೆ ಅವರ ಕೈ ಹಳೇ ಅಭ್ಯಾಸಕ್ಕೇ ಈರಪ್ಪನ ಕಡೆ ಹೋಗಿತ್ತು.

ಮಾತು ತೀರಿತು ಅಂತ ಎಲ್ಲರೂ ಮುಂದಿನ ಎಲೆಗೆ ಕೈ ಹಾಕಿದಾಗ ಜೈವಂತ, ಇನ್ನೊಂದಿದೆ ಅಂದ.

"ನನ್ನ ಅವಸರ ಕೆಳಗಿನ ಕೇರಿಯವರಿಂದ ಬಂದದ್ದಲ್ಲ. ನಾಲ್ಕು ಕವಳದ ಹೊತ್ತು ಕೊಟ್ಟರೆ ನಿಮ್ಮಲ್ಲಿ ಯಾರಾದ್ರೂ 'ನೀನು ಪುರಸು ಅಲ್ಲ' ಅಂದುಬಿಡ್ತೀರಿ ಅಂತ ಹೆದರಿಕೆ."

ತಿಮ್ಮಣ್ಣ ಅಡಿಕೆ ಕತ್ತರಿಸುತ್ತಿದ್ದವನು ತಲೆಯೆತ್ತಲೂ ಇಲ್ಲ. "ಅದನ್ನ ನಾವು ಹೋದ ತಿಂಗಳೇ ಅಂದಾಗಿದೆ," ಅಂದ. "ಅಂದ ಮೇಲೂ ದೋಣಿ ಹತ್ತಿದ್ದೇವಲ್ಲ. ಮುಂದಿನ ಪ್ರಶ್ನೆ ಕೇಳು."

ಆಗ ನಕ್ಕರು ನೋಡಿ, ಎಲ್ಲರೂ. ಎಲ್ಲರಿಗಿಂತ ಜೋರಾಗಿ ಜೈವಂತ.

ಮೂರನೇ ಕವಳಕ್ಕೆ ಮಾತು ತಾನಾಗಿ ಹರಿಯಿತು. ಹುಣ್ಣಿಮೆ ಇನ್ನೂ ಮುಂದಿದೆ, ಸಂಜೆಯ ಉಬ್ಬರ ಬೆಳಗಿನದಕ್ಕಿಂತ ಒಂದು ಗೇಣಾದರೂ ಹೆಚ್ಚು ಏರುತ್ತದೆ ಅಂತ ವಾಸು ನೆನಪಿಸಿದ. ಹಾಗಿದ್ದರೆ ಹಂಚು ಎಸೆಯುವುದು ಯಾಕೆ? ದೋಣಿಯ ಮೂತಿ ತಾನೇ ಮರಳಲ್ಲಿ ಹೂತದ್ದು? ಮುಂದಿನ ಹಂಚನ್ನೆಲ್ಲ ಹಿಂದಕ್ಕೆ ಸಾಗಿಸಿದರೆ ಮೂತಿ ಹಗುರಾಗುತ್ತದೆ, ನೀರು ಬಂದಾಗ ಅದೇ ಏಳುತ್ತದೆ. ನಾಲ್ಕನೇ ಕವಳಕ್ಕೆ ಅಪಾಯದ ಮಾತು. ಇನ್ನು ಮೇಲೆ ಹಾಯಿ ತಿರುಗಿಸಲು ಮೂರು ಜನ ಬೇಕು. ಅಷ್ಟು ಜನ ಹಗ್ಗಕ್ಕೆ ಹೋದರೆ ದೋಣಿಯ ಉಳಿದ ಕೆಲಸಕ್ಕೆ ಆಳು ಸಾಲದು. ಇದಕ್ಕೆ ದಾರಿ ಜೈವಂತನೇ ಹೇಳಿದ. ಅಳಿವೆ ದಾಟುವಾಗ ಚುಕ್ಕಾಣಿ ಈರಪ್ಪನ ಕೈಗೆ. ಅದಕ್ಕೆ ಎಡಗೈ ಸಾಕು, ಮತ್ತೆ ಹಗ್ಗ ಯಾವಾಗ ಎಳೆಯಬೇಕು ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಹಗ್ಗಕ್ಕೆ ತಾನು ನಿಲ್ಲುತ್ತೇನೆ ಅಂದ. ತಾಂಡೇಲ ಚುಕ್ಕಾಣಿ ಬಿಟ್ಟು ಹಗ್ಗ ಎಳೆದದ್ದನ್ನು ಆ ಕರಾವಳಿಯಲ್ಲಿ ಯಾರೂ ಕಂಡಿರಲಿಲ್ಲ. ಈರಪ್ಪ ಬೇಡ ಅಂದ. ಜೈವಂತ ಕೇಳಲಿಲ್ಲ.

ಮಧ್ಯಾಹ್ನವೆಲ್ಲ ಹಂಚು ಹಿಂದಕ್ಕೆ ಸಾಗಿಸಿದರು. ಸಂಜೆ ನೀರು ಏರಿತು. ಮಂಜಿ ಒಮ್ಮೆ ಗೊಣಗಿ, ಒಮ್ಮೆ ಹೊರಳಿ, ಎದ್ದಿತು. ಆಳದಲ್ಲಿ ಲಂಗರು ಹಾಕಿ ನಿಂತು, ಮರುದಿನ ಬೆಳಗಿನ ಗಾಳಿಗೆ ಹಾಯಿ ಬಿಚ್ಚಿದರು. ಈರಪ್ಪ ಎಡಗೈಯಲ್ಲಿ ಚುಕ್ಕಾಣಿ ಹಿಡಿದು ಎಳೀರಿ ಅಂದಾಗ ಜೈವಂತ, ತಿಮ್ಮಣ್ಣ, ವಾಸು ಮೂವರೂ ಎಳೆದರು. ಹಾಯಿ ಪೂರ್ತಿ ತಿರುಗಿತು. ಅಳಿವೆ ಹಿಂದೆ ಬಿತ್ತು.

ಬಂದರು ಮುಟ್ಟಿದಾಗ ಕೆಳಗಿನ ಕೇರಿಯ ದೋಣಿ ಸರಕು ಇಳಿಸಿ ಹಾಯಾಗಿ ನಿಂತಿತ್ತು. ವಿಠೋಬ ಶೇಟ್ ಮಾತಿಗೆ ತಪ್ಪುವವನಲ್ಲ. ಹಂಗಾಮಿನ ಹಂಚು ಮೊದಲು ಬಂದವರಿಗೆ ಆಗಲೇ ಹೋಗಿತ್ತು. ಆರೂ ಜನರ ಮುಖ ಸಣ್ಣದಾಯಿತು. ಶೇಟ್ ಒಂಟಿಕಾಲಲ್ಲಿ ನಿಂತು ವ್ಯಾಪಾರ ಮಾಡುವ ಮನುಷ್ಯ. ಗಾಡಿ ಕಾಯುತ್ತಿದೆ ಅನ್ನುತ್ತಲೇ ಇನ್ನೊಂದು ಮಾತು ಎಸೆದ. ಉಪ್ಪಿನಕಾಯಿ ಹಾಕುವ ಖಾಲಿ ಭರಣಿಗಳ ರಾಶಿ ಬಂದಿದೆ, ತೆಂಕಣ ಊರುಗಳಿಗೆಲ್ಲ ಹೋಗಬೇಕು, ಹಂಗಾಮಿನುದ್ದಕ್ಕೂ ಕೆಲಸ. ಒಡೆಯುವ ಸರಕು ಅಂತ ಯಾರೂ ಮುಟ್ಟುತ್ತಿಲ್ಲ.

"ಒಡೆದದ್ದು ನಿಮ್ಮ ತಲೆ ಮೇಲೆ," ಅಂದ. "ಹೂಂ ಅನ್ನು, ಇಲ್ಲ ಊಹೂಂ ಅನ್ನು. ಈಗ್ಲೇ."

ಹಿಂದಿನ ವಾರದ ಜೈವಂತನಾಗಿದ್ದರೆ ಶೇಟರ ಬಾಯಿ ಮುಚ್ಚುವ ಮುಂಚೆಯೇ ಹೂಂ ಅಂದಿರುತ್ತಿದ್ದ. ಕೈಗೆ ಬಂದ ಕೊನೆಯ ಕೆಲಸ ಅದು. ಬಿಟ್ಟರೆ ಮಂಜಿಯನ್ನು ಮಾರುವುದೇ.

"ನಾಲ್ಕು ಕವಳದ ಹೊತ್ತು ಕೊಡಿ ಶೇಟರೇ," ಅಂದ.

ಶೇಟ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ತಾಂಡೇಲ ನೀನಾ, ಅವರಾ?"

"ನಾನೇ. ಅದಕ್ಕೇ ಅವರನ್ನ ಕೇಳಿ ಬರ್ತೇನೆ ಅಂದದ್ದು."

ಶೇಟ್ ಗೊಣಗುತ್ತ ಗಾಡಿ ಹತ್ತಿ ಹೋದ. ಊಟ ಮುಗಿಸಿ ಬರುತ್ತೇನೆ, ಅಷ್ಟರೊಳಗೆ ಇನ್ನೊಬ್ಬರು ಬಂದು ಕೇಳಿದರೆ ಕೊಟ್ಟುಬಿಡುತ್ತೇನೆ ಅಂದ. ಆರು ಜನ ಬಂದರಿನ ಕಟ್ಟೆಯ ಮೇಲೆ ಕೂತು ಎಲೆ ಮಡಿಸಿದರು. ದಾರಿಹೋಕರು ನೋಡಿ ನಕ್ಕರು. ಕೂತವರು ಅಗಿದರು.

ಮೊದಲ ಮಾತು ಎಲ್ಲರದ್ದೂ ಒಂದೇ ಇತ್ತು, ಒಪ್ಪಿಕೊಳ್ಳೋಣ. ಎರಡನೇ ಮಾತು ಕವಳ ಮುಗಿದ ಮೇಲೆ ಬಂತು. ಭರಣಿ ಹಗುರ, ದೋಣಿ ಹಗುರಾದರೆ ಮಗುಚಿಬೀಳುವ ಹಾಗೆ ಹೊಯ್ದಾಡುತ್ತದೆ, ಆ ಹೊಯ್ದಾಟಕ್ಕೇ ಭರಣಿ ಒಡೆಯುವುದು ಅಂದ ತಿಮ್ಮಣ್ಣ. ದೋಣಿಯ ತಳಕ್ಕೆ ಒಂದು ಮೊಳ ಮರಳು ತುಂಬಿ, ಭರಣಿಯನ್ನು ಅದರಲ್ಲಿ ಅರ್ಧ ಹೂತು, ನಡುನಡುವೆ ಹುಲ್ಲು ತುರುಕೋಣ ಅಂದ ಈರಪ್ಪ. ಮರಳ ಮೇಲೆ ಕೂತು ಬಂದವರಿಗೆ ಅಷ್ಟಾದರೂ ಗೊತ್ತಿರಬೇಡವೇ ಅಂತ ತನ್ನ ಮಾತಿಗೆ ತಾನೇ ನಕ್ಕ. ಇಂಥ ದಿನವೇ ಮುಟ್ಟಿಸಬೇಕು ಅನ್ನುವ ಕರಾರು ಬೇಡ, ಇಳಿಯುವ ನೀರಿನಲ್ಲಿ ಯಾವ ಅಳಿವೆಯನ್ನೂ ದಾಟುವುದು ಬೇಡ ಅಂದ ವಾಸು.

ಶೇಟ್ ಬಂದಾಗ ಜೈವಂತ ಎದ್ದು ನಿಂತು ಹೂಂ ಅಂದ. ಜೊತೆಗೆ ಹುಲ್ಲು ನಿಮ್ಮದು, ದಿನದ ಕರಾರು ಇಲ್ಲ ಅನ್ನುವುದನ್ನೂ ಹೇಳಿದ. ದಿನದ ಮಾತಿಗೆ ಶೇಟ್ ಬಹಳ ಎಗರಾಡಿದ. ಜೈವಂತ ಸುಮ್ಮನೆ ನಿಂತಿದ್ದ. ಸುಮ್ಮನಿರುವುದನ್ನು ಅವನು ಅಷ್ಟರಲ್ಲಿ ಕಲಿತಿದ್ದ. ಎಗರಾಡಿ ಮುಗಿದ ಮೇಲೆ ಶೇಟ್ ಸರಿ ಅಂದ.

ಆ ಮೊದಲ ಸಾಗಣೆಯಲ್ಲಿ ಒಡೆದ ಭರಣಿ ಒಂದೇ ಒಂದು. ಅದೂ ದಡಕ್ಕೆ ಇಳಿಸುವಾಗ, ಶೇಟರ ಆಳಿನ ಕೈಯಲ್ಲಿ. ಹಂಗಾಮು ಪೂರ್ತಿ ಮಂಜಿ ಖಾಲಿ ನಿಲ್ಲಲಿಲ್ಲ. ಮುಂದಿನ ವರ್ಷ ಗಾಜು, ಅದರ ಮುಂದಿನ ವರ್ಷ ಕನ್ನಡಿ. ಕೈ ನಡುಗಿಸುವ ಸರಕೆಲ್ಲ ಹುಡುಕಿಕೊಂಡು ಅವರ ಹತ್ತಿರವೇ ಬಂತು. ಮಾರುವ ಮಾತನ್ನು ಆರು ಮನೆಗಳಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ವಿಠೋಬ ಶೇಟ್ ಬೇರೆ ವ್ಯಾಪಾರಿಗಳಿಗೆ ಹೇಳುತ್ತಿದ್ದನಂತೆ: "ಅವರನ್ನ ಅವಸರದಲ್ಲಿ ಕೇಳ್ಬೇಡಿ. ಊಟಕ್ಕೆ ಮುಂಚೆ ಕೇಳಿ, ಮಲಗೆದ್ದು ಬನ್ನಿ. ಆಮೇಲೆ ಅವರು ಹೂಂ ಅಂದ್ರೆ, ಸರಕು ಊರು ಮುಟ್ಟಿತು ಅಂತಲೇ ತಿಳ್ಕೊಳ್ಳಿ."

ನೀತಿ: ಈಗ ಕಚೇರಿಗಳಲ್ಲಿ, ಸಂಘಗಳಲ್ಲಿ ಗೋಡೆಗೆ ನಾಲ್ಕು ಚೌಕದ ಹಾಳೆ ಅಂಟಿಸಿ ನಮ್ಮ ಬಲ, ಕೊರತೆ, ಅವಕಾಶ, ಅಪಾಯ ಬರೆಯಿರಿ ಅನ್ನುತ್ತಾರೆ. ಅದು ಒಳ್ಳೆಯ ಕೆಲಸ. ಆದರೆ ಚೌಕ ನಾಲ್ಕೂ ತುಂಬಿದ ಮಾತ್ರಕ್ಕೆ ಮಾತು ಮುಗಿಯಿತು ಅಂತ ತಿಳಿಯಬೇಡಿ. ಮೊದಲು ಬರುವುದು ಎಲ್ಲರಿಗೂ ಹಿತವಾದ ಮಾತು. ದೋಣಿಯನ್ನು ಉಳಿಸುವ ಮಾತು ಹಿಂದಿನಿಂದ, ನಾಚಿಕೊಳ್ಳುತ್ತ ಬರುತ್ತದೆ. ಅದು ಬರುವ ತನಕ ಕಾಯುವಷ್ಟು ಹೊತ್ತು ಇಟ್ಟುಕೊಂಡೇ ಕೂರಿಸಿ. ಮುಂದಾಳಾದವನು ಮಾತಿಗೆ ಹೊತ್ತು ಕೊಡಲು ಹಿಂಜರಿದರೆ, ತನಗೆ ಯಾವ ಮಾತಿನ ಹೆದರಿಕೆ ಇದೆ ಅಂತ ಮೊದಲು ತನ್ನನ್ನೇ ಕೇಳಿಕೊಳ್ಳಲಿ.